ಟರ್ಜಾ ಗಾರ್‌ವುಡ್: ಮರದ ಅಚ್ಚಿನಿಂದ ಕೊನೆಯ ಚಿತ್ರಗಳವರೆಗೆ

ಎಲ್ಲರಿಗೂ ನಮಸ್ಕಾರ.

ಟರ್ಜಾ ಗಾರ್‌ವುಡ್ ಅನ್ನುವ ಹೆಸರನ್ನು ನಿಮ್ಮಲ್ಲಿ ಕೆಲವರಷ್ಟೇ ಕೇಳಿರಬಹುದು. ಇಂಗ್ಲೆಂಡಿನ ಕಲಾವಿದೆ. ಮರದ ಬ್ಲಾಕಿನ ಮೇಲೆ ಕೆತ್ತಿ ಚಿತ್ರ ಮುದ್ರಿಸುತ್ತಿದ್ದರು. ಕೊನೆಯ ವರ್ಷಗಳಲ್ಲಿ ಎಣ್ಣೆಬಣ್ಣದಲ್ಲಿ ಬರೆದರು. ಹುಟ್ಟಿದ್ದು 1908ರ ಏಪ್ರಿಲ್ 11. ತೀರಿಕೊಂಡಿದ್ದು 1951ರ ಮಾರ್ಚ್ 27. ಇನ್ನು 15 ದಿನ ಬದುಕಿದ್ದರೆ 43 ತುಂಬುತ್ತಿತ್ತು.

ಚಿಕ್ಕ ವಯಸ್ಸಿಗೇ ಹೋದ ಕಲಾವಿದರ ಬಗ್ಗೆ ಮಾತು ಬಂದಾಗ ನಾವೆಲ್ಲ ಒಂದೇ ದಾರಿ ಹಿಡಿಯುತ್ತೇವೆ. ಇದ್ದಿದ್ದರೆ ಇನ್ನೂ ಏನೇನು ಮಾಡುತ್ತಿದ್ದರೋ ಅಂತ ಹಲುಬುತ್ತೇವೆ. ಆ ದುಃಖ ನಿಜವೇ. ಆದರೆ ಹಾಗೆ ಹಲುಬುತ್ತಾ ಅವರು ಮಾಡಿಟ್ಟು ಹೋಗಿದ್ದನ್ನು ನೋಡುವುದೇ ಮರೆತುಹೋಗುತ್ತದೆ. ಟರ್ಜಾ ವಿಷಯದಲ್ಲಿ ಇದು ಜಾಸ್ತಿಯೇ ಆಗಿದೆ. ಅವರ ಬದುಕನ್ನು ಹೇಳುವವರು ಸಾಮಾನ್ಯವಾಗಿ ಮೂರು ತುಂಡು ಮಾಡುತ್ತಾರೆ. ಇಪ್ಪತ್ತರ ಹರೆಯದಲ್ಲಿ ಬೆರಗು ಹುಟ್ಟಿಸುವ ಕೆತ್ತನೆಗಳು. ಆಮೇಲೆ ಮದುವೆ, ಮಕ್ಕಳು, ಏನೂ ಮಾಡದ ವರ್ಷಗಳು. ಕೊನೆಗೆ ಕಾಯಿಲೆ, ಮತ್ತು ಹಾಸಿಗೆಯಲ್ಲಿ ಕೂತು ಬರೆದ ಪುಟ್ಟ ಪುಟ್ಟ ಚಿತ್ರಗಳು.

ನನಗೆ ಈ ಹೇಳಿಕೆ ಒಪ್ಪಿಗೆಯಿಲ್ಲ. ಹದಿಹರೆಯದಲ್ಲಿ ಕೆತ್ತನೆ ಕಲಿತ ಕಣ್ಣು ಕೊನೆಯ ತನಕ ಹಾಗೇ ನೋಡಿತು ಅಂತ ನಾನು ನಂಬುತ್ತೇನೆ. ನಡುವಿನ ವರ್ಷಗಳನ್ನು ಖಾಲಿ ಅಂತ ಕರೆಯುವುದು ನಮ್ಮ ನೋಟದ ದೋಷ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಆಧಾರ.

ಮೊದಲು ಮನೆತನ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆಂಟ್ ಪ್ರಾಂತ್ಯದ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. ಇಟ್ಟ ಹೆಸರು ಐಲೀನ್ ಲೂಸಿ. ಟರ್ಜಾ ಅನ್ನುವುದು ಒಡಹುಟ್ಟಿದವರು ಕರೆದ ಹೆಸರು, ಅದೇ ಉಳಿಯಿತು. ಐದು ಮಕ್ಕಳಲ್ಲಿ ಇವರು ಮೂರನೆಯವರು. ತಂದೆ ಸೇನೆಯ ಎಂಜಿನಿಯರ್ ದಳದಲ್ಲಿ ಅಧಿಕಾರಿ. ಹಾಗಾಗಿ ಊರಿಂದ ಊರಿಗೆ ವರ್ಗ. ಕೊನೆಗೆ ಸಂಸಾರ ನೆಲೆಯಾಗಿದ್ದು ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್‌ನಲ್ಲಿ. 1925ರಲ್ಲಿ ಅಲ್ಲಿನ ಕಲಾಶಾಲೆ ಸೇರಿದರು. ಆಗ ವಯಸ್ಸು 17. ಅದೇ ವರ್ಷ ಅಲ್ಲಿಗೆ ಒಬ್ಬ ಹೊಸ ಮೇಷ್ಟ್ರು ಬಂದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿ ಬಂದ ಎರಿಕ್ ರವಿಲಿಯಸ್. ಅವರಿಗೆ ಆಗ ಇಪ್ಪತ್ತೆರಡೇ ವರ್ಷ. ಮರದ ಕೆತ್ತನೆಯನ್ನು ಟರ್ಜಾಗೆ ಕಲಿಸಿದ್ದು ಅವರೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವುಡ್ ಎನ್‌ಗ್ರೇವಿಂಗ್ ಹೇಗೆ ಮಾಡುತ್ತಾರೆ ಅಂತ ಗೊತ್ತಿಲ್ಲದೆ ಟರ್ಜಾ ಅವರನ್ನು ನೋಡಲು ಆಗುವುದಿಲ್ಲ. ನಿಮ್ಮಲ್ಲಿ ಗ್ರಾಫಿಕ್ ಕಲೆ ಕಲಿಯುತ್ತಿರುವವರು ಇದ್ದೀರಿ, ಗೊತ್ತಿರುವುದನ್ನೇ ಹೇಳಿದರೆ ಬೇಸರಪಡಬೇಡಿ.

ಮರದ ಅಚ್ಚು ಅಂದರೆ ಎಲ್ಲವೂ ಒಂದೇ ಅಂದುಕೊಳ್ಳುತ್ತೇವೆ. ಹಾಗಲ್ಲ. ವುಡ್‌ಕಟ್‌ನಲ್ಲಿ ಹಲಗೆಯನ್ನು ಮರದ ಉದ್ದಕ್ಕೆ ಸೀಳಿರುತ್ತಾರೆ. ನಾರು ಉದ್ದುದ್ದ ಹರಿದಿರುತ್ತದೆ. ಚಾಕು, ಉಳಿ ಆ ನಾರಿನ ಮಾತು ಕೇಳಬೇಕು. ವುಡ್ ಎನ್‌ಗ್ರೇವಿಂಗ್‌ನಲ್ಲಿ ಕಾಂಡವನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ನಾರಿನ ತುದಿಗಳೆಲ್ಲ ಮೇಲಕ್ಕೆ ನಿಂತ ಗಟ್ಟಿ ಮೈ ಅದು. ಯಾವ ದಿಕ್ಕಿಗೂ ಸಲೀಸಾಗಿ ಗೆರೆ ಎಳೆಯಬಹುದು. ಇದಕ್ಕೆ ಬಾಕ್ಸ್‌ವುಡ್ ಅನ್ನುವ ಮರವೇ ಶ್ರೇಷ್ಠ. ತುಂಬಾ ನಿಧಾನಕ್ಕೆ ಬೆಳೆಯುತ್ತದೆ, ಕಾಂಡ ದಪ್ಪವಾಗುವುದಿಲ್ಲ. ಅದಕ್ಕೇ ಬ್ಲಾಕುಗಳು ಚಿಕ್ಕವು. ದೊಡ್ಡದು ಬೇಕಾದರೆ ತುಂಡುಗಳನ್ನು ಸೇರಿಸಿ ಅಂಟಿಸಬೇಕು. ಈ ಕೆತ್ತನೆಗಳು ಅಂಗೈಯಷ್ಟು ಇರುವುದಕ್ಕೆ ಕಾರಣ ಮರವೇ.

ಉಪಕರಣಗಳು ಕೂಡ ಬೇರೆ. ಲೋಹದ ತಗಡಿನ ಮೇಲೆ ಕೆತ್ತುವವರು ಬಳಸುವ ಬ್ಯೂರಿನ್ ಅನ್ನುವ ಮೊನಚು ಉಪಕರಣದ ಜಾತಿಯವು. ಬಾಗಿದ ಗೆರೆಗೆ ಸ್ಪಿಟ್‌ಸ್ಟಿಕ್ಕರ್. ಅಗಲವಾಗಿ ಬಿಳಿ ತೆಗೆಯಲು ಸ್ಕಾರ್ಪರ್. ಒಂದೇ ಅಗಲದ ಸಮಗೆರೆಗಳನ್ನು ಎಳೆದು ಬೂದು ಛಾಯೆ ತರಲು ಟಿಂಟ್ ಟೂಲ್. ಬ್ಲಾಕನ್ನು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಇಟ್ಟುಕೊಳ್ಳುತ್ತಾರೆ. ಬಾಗಿದ ಗೆರೆ ಬೇಕಾದಾಗ ಉಪಕರಣ ಹಿಡಿದ ಕೈ ಹೆಚ್ಚು ತಿರುಗುವುದಿಲ್ಲ. ಇನ್ನೊಂದು ಕೈ ಬ್ಲಾಕನ್ನೇ ತಿರುಗಿಸುತ್ತದೆ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ.

ಮುಖ್ಯವಾದ ಮಾತು ಇನ್ನೊಂದಿದೆ. ಏನೂ ಕೆತ್ತದ ಬ್ಲಾಕಿಗೆ ರೋಲರ್‌ನಿಂದ ಮಸಿ ಹಚ್ಚಿ ಕಾಗದ ಒತ್ತಿದರೆ ಅಪ್ಪಟ ಕಪ್ಪು ಬರುತ್ತದೆ. ನೀವು ಕೆತ್ತಿದ ಜಾಗ ಬಿಳಿ. ಅಂದರೆ ಕತ್ತಲು ಮೊದಲೇ ಇದೆ, ಕಲಾವಿದರು ಬೆಳಕನ್ನು ಒಂದೊಂದೇ ಗೆರೆಯಾಗಿ ಕತ್ತರಿಸಿ ತೆಗೆಯಬೇಕು. ಪೆನ್ಸಿಲ್ಲಿನಲ್ಲಿ ನೆರಳು ಸೇರಿಸುತ್ತಾ ಹೋಗುವವರ ಯೋಚನೆ ಇಲ್ಲಿ ಪೂರ್ತಿ ತಲೆಕೆಳಗು. ಜೊತೆಗೆ ಎಡ ಬಲವೂ ಅದಲು ಬದಲು. ತಪ್ಪಿ ಹೋದ ಗೆರೆಯನ್ನು ಅಳಿಸಲಾಗುವುದಿಲ್ಲ. ಆ ಜಾಗವನ್ನು ಕೊರೆದು ಹೊಸ ಮರ ತುಂಬಿ ಮತ್ತೆ ಕೆತ್ತಬಹುದು, ಆದರೆ ಅದು ದೊಡ್ಡ ರಗಳೆ. ಹಾಗಾಗಿ ಕೆತ್ತುವವರು ಗೆರೆ ಎಳೆಯುವ ಮೊದಲೇ ಆ ಗೆರೆ ಏನು ಹೇಳಬೇಕು ಅಂತ ನಿರ್ಧರಿಸಿರಬೇಕು. ಇದು ಜೂಲು ಕೂದಲೋ, ಉಣ್ಣೆಯ ಕೋಟೋ, ಹುಲ್ಲೋ? ಪ್ರತಿಯೊಂದಕ್ಕೂ ಬೇರೆ ಗೆರೆ ಬೇಕು.

ಈ ಬಿಳಿ ಗೆರೆಯ ವಿಧಾನವನ್ನು ಅದರ ಎತ್ತರಕ್ಕೆ ಒಯ್ದವರು ನ್ಯೂಕ್ಯಾಸಲ್ ಕಡೆಯ ಥಾಮಸ್ ಬ್ಯೂಯಿಕ್. 1753ರಿಂದ 1828ರವರೆಗೆ ಬದುಕಿದ್ದರು. ಹಕ್ಕಿಗಳನ್ನು, ಪ್ರಾಣಿಗಳನ್ನು ಅವರು ಕೆತ್ತಿದ ರೀತಿ ಇವತ್ತಿಗೂ ಪಾಠ. ಅವರ ನಂತರ ಇದು ದೊಡ್ಡ ಕಸುಬಾಯಿತು. ಬ್ಲಾಕನ್ನು ಅಚ್ಚುಮೊಳೆಗಳ ಜೊತೆಗೇ ಕೂಡಿಸಿ ಮುದ್ರಿಸಬಹುದಲ್ವಾ? ಹಾಗಾಗಿ 19ನೇ ಶತಮಾನದ ಪತ್ರಿಕೆಗಳ ಚಿತ್ರಗಳೆಲ್ಲ ಹೀಗೇ ಬಂದವು. ಯಾರೋ ಬರೆದ ಚಿತ್ರವನ್ನು ಕಾರ್ಖಾನೆಯಂಥ ಕೋಣೆಗಳಲ್ಲಿ ಕೂತವರು ಕೆತ್ತಿಕೊಡುತ್ತಿದ್ದರು. ಫೋಟೋ ಬಳಸಿ ಬ್ಲಾಕ್ ಮಾಡುವ ವಿಧಾನ ಬಂದ ಮೇಲೆ ಆ ಕಸುಬು ಮುಳುಗಿತು. ಆ ಮೇಲೇ ಕಲಾವಿದರು ಅದನ್ನು ತಮ್ಮದಾಗಿ ಎತ್ತಿಕೊಂಡರು. 1920ರಲ್ಲಿ ಸೊಸೈಟಿ ಆಫ್ ವುಡ್ ಎನ್‌ಗ್ರೇವರ್ಸ್ ಶುರುವಾಯಿತು. ಶುರುಮಾಡಿದವರಲ್ಲಿ ರಾಬರ್ಟ್ ಗಿಬ್ಬಿಂಗ್ಸ್ ಇದ್ದರು, ಚಾರ್ಲ್ಸ್ ಡಾರ್ವಿನ್ ಅವರ ಮೊಮ್ಮಗಳು ಗ್ವೆನ್ ರಾವೆರಾ ಇದ್ದರು. ಈ ಕಲೆಯಲ್ಲಿ ಹೆಣ್ಣುಮಕ್ಕಳ ಹೆಸರು ತುಂಬಾ ಸಿಗುತ್ತದೆ. ಕ್ಲೇರ್ ಲೇಟನ್, ಗರ್ಟ್ರೂಡ್ ಹರ್ಮೀಸ್, ಆಗ್ನೆಸ್ ಮಿಲ್ಲರ್ ಪಾರ್ಕರ್. ಇವರ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿಗೆ ಬೆಳಕಿಗೆ ಬಂದವರಲ್ಲಿ ಟರ್ಜಾ ಒಬ್ಬರು. 1927ರ ಸೊಸೈಟಿಯ ಪ್ರದರ್ಶನದಲ್ಲಿ ಅವರ ಕೆತ್ತನೆಗಳಿದ್ದವು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಮರದ ಮೇಲೆ ಕೈಯಿಟ್ಟು ಎರಡು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಮುಂದಿನ ವರ್ಷ ಬಿಬಿಸಿಯಿಂದ ಕೆಲಸ ಬಂತು. ಸಂಗೀತಗಾರ ಗ್ರ್ಯಾನ್ವಿಲ್ ಬ್ಯಾಂಟಾಕ್ ಅವರ ಒಂದು ದೊಡ್ಡ ಕೃತಿಗೆ ಚಿತ್ರ ಕೆತ್ತಿಕೊಡುವ ಕೆಲಸ. ಟರ್ಜಾ ಲಂಡನ್ನಿಗೆ ಹೋದರು. ಸ್ವಂತ ದುಡಿಮೆ, ಸ್ವಂತ ಕೋಣೆ. 1928, 1929, ಈ ಎರಡು ವರ್ಷಗಳಲ್ಲಿ ಅವರು ಮಾಡಿದ ಕೆತ್ತನೆಗಳೇ ಇಡೀ ಗುಂಪಿನಲ್ಲಿ ಅವರನ್ನು ಬೇರೆಯಾಗಿ ನಿಲ್ಲಿಸುತ್ತವೆ ಅಂತ ನನ್ನ ಅಭಿಪ್ರಾಯ.

ಯಾಕೆ ಬೇರೆ? ಆ ಕಾಲದ ಕೆತ್ತನೆಗಾರರು ಜಾಸ್ತಿ ಹೋಗುತ್ತಿದ್ದದ್ದು ಹೊಲ, ಮರ, ಹಕ್ಕಿ, ಬೈಬಲ್ ಕಥೆ, ಪುರಾಣದ ಕಡೆಗೆ. ಟರ್ಜಾ ನೋಡಿದ್ದು ತನ್ನ ಸುತ್ತಲಿನ ಮಧ್ಯಮ ವರ್ಗದ ಜನರನ್ನು. ರೈಲಿನ ಡಬ್ಬಿಯಲ್ಲಿ ಕೂತವರು. ಕೆನ್ಸಿಂಗ್ಟನ್ ಹೈಸ್ಟ್ರೀಟಿನಲ್ಲಿ ಓಡಾಡುವವರು. ನಾಯಿಗಳ ಪ್ರದರ್ಶನಕ್ಕೆ ಬಂದವರು. ಆಕಳಿಸುವ ಹೆಂಗಸು. ಒಂದು ಕ್ಯಾಲೆಂಡರಿಗಾಗಿ ನೆಂಟರ ಸರಣಿಯನ್ನೇ ಕೆತ್ತಲು ಹೊರಟಿದ್ದರು. ಯಾರನ್ನೂ ಚಂದ ಮಾಡಿ ತೋರಿಸಿಲ್ಲ. ಯಾರನ್ನೂ ಹೀಯಾಳಿಸಿಯೂ ಇಲ್ಲ. ಒಬ್ಬ ಮನುಷ್ಯ ತನ್ನ ಬಟ್ಟೆಯೊಳಗೆ ಹೇಗೆ ಕೂರುತ್ತಾನೆ, ಒಬ್ಬ ಹೆಂಗಸು ತನ್ನ ಟೋಪಿಯನ್ನು ಹೇಗೆ ಹೊತ್ತಿರುತ್ತಾಳೆ ಅನ್ನುವುದನ್ನು ಅವರು ಬಿಡದೆ ನೋಡಿದ್ದಾರೆ.

ರೈಲು ಪ್ರಯಾಣದ ಕೆತ್ತನೆಯನ್ನು ತೆಗೆದುಕೊಳ್ಳಿ. ಡಬ್ಬಿಯ ಒಳಗೆ ಜನ ಕೂತಿದ್ದಾರೆ. ಅಂಥ ಕೋಣೆಯಲ್ಲಿ ಎಷ್ಟು ಬಗೆಯ ಬಟ್ಟೆ ಇರುತ್ತದೆ ನೋಡಿ: ಸೀಟಿನ ಹೊದಿಕೆ, ಕೋಟು, ಸ್ಕರ್ಟು, ತುಪ್ಪಳದ ಕಾಲರು. ಬಣ್ಣ ಇಲ್ಲ. ಇರುವುದು ಕಪ್ಪು ಮತ್ತು ಬಿಳಿ. ಹಾಗಿದ್ದರೂ ಒಂದು ಬಟ್ಟೆಯಿಂದ ಇನ್ನೊಂದು ಬಟ್ಟೆ ಬೇರೆಯಾಗಿ ಕಾಣಬೇಕು. ಟರ್ಜಾ ಪ್ರತಿ ಬಟ್ಟೆಗೂ ಅದರದ್ದೇ ಗೆರೆ ಹುಡುಕಿದ್ದಾರೆ. ಶಾಲೆಯ ಹುಡುಗಿಯರು ಇಬ್ಬಿಬ್ಬರಾಗಿ ಸಾಲು ಹಿಡಿದು ನಡೆಯುವ ಕೆತ್ತನೆಯಲ್ಲೂ ಇದೇ. ಸಮವಸ್ತ್ರ ಒಂದೇ, ಆದ್ದರಿಂದ ಒಂದೇ ವಿನ್ಯಾಸ ಮರುಕಳಿಸುತ್ತಾ ಹೋಗುತ್ತದೆ. ಆ ಮರುಕಳಿಕೆಯ ನಡುವೆ ಒಬ್ಬೊಬ್ಬ ಹುಡುಗಿ ಒಬ್ಬೊಬ್ಬಳಾಗಿ ಉಳಿಯುತ್ತಾಳೆ. ವಿನ್ಯಾಸ ಮತ್ತು ವ್ಯಕ್ತಿ, ಎರಡರ ನಡುವಿನ ಈ ಎಳೆದಾಟ ಅವರ ಇಡೀ ಕೆಲಸದ ಒಳಗೆ ಹರಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೈಲಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಸುಮಾರು ಹತ್ತು ವರ್ಷದ ನಂತರ ರವಿಲಿಯಸ್ ಕೂಡ ರೈಲಿನ ಡಬ್ಬಿಯನ್ನು ಜಲವರ್ಣದಲ್ಲಿ ಬರೆದರು. ತುಂಬಾ ಪ್ರಸಿದ್ಧವಾದ ಚಿತ್ರ, ಅಬರ್ಡೀನ್ ಆರ್ಟ್ ಗ್ಯಾಲರಿಯಲ್ಲಿದೆ. ಮೂರನೇ ದರ್ಜೆಯ ಡಬ್ಬಿ, ಕಿಟಕಿಯಾಚೆ ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ತೆಗೆದು ಸುಣ್ಣಕಲ್ಲಿನಲ್ಲಿ ಮೂಡಿಸಿದ ದೊಡ್ಡ ಬಿಳಿ ಕುದುರೆ. ಸೀಟುಗಳಲ್ಲಿ ಯಾರೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರ ಮನಸ್ಸು ಗೊತ್ತಾಗುತ್ತದೆ. ಅವರು ಜನ ಎದ್ದು ಹೋದ ಜಾಗವನ್ನು ಬರೆಯುತ್ತಿದ್ದರು. ಇವರು ಜಾಗ ತುಂಬಿದ ಜನರನ್ನು.

1930ರ ಜುಲೈಯಲ್ಲಿ ಟರ್ಜಾ ಮತ್ತು ಎರಿಕ್ ರವಿಲಿಯಸ್ ಮದುವೆಯಾದರು. ಅಲ್ಲಿಗೆ ಕೆತ್ತನೆ ಹೆಚ್ಚುಕಡಿಮೆ ನಿಂತಿತು. ಟರ್ಜಾಗೆ ಆಗ 22 ವರ್ಷ.

ಈ ನಿಲುಗಡೆಯ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಮನಸ್ಸಿಗೆ ನೋವೂ ಆಗಿದೆ. ವುಡ್ ಎನ್‌ಗ್ರೇವಿಂಗ್ ಮನೆಯಲ್ಲೇ ಮಾಡಬಹುದಾದ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಒಂದು ಮೇಜು, ಒಂದು ದೀಪ, ನಾಲ್ಕು ಉಪಕರಣ ಸಾಕು. ಪ್ರೆಸ್ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿಯೂ ಪ್ರೂಫ್ ತೆಗೆಯಬಹುದು. ನಿಜ. ಆದರೆ ಈ ಕೆಲಸ ಬೇಡುವುದು ಜಾಗವನ್ನಲ್ಲ, ಕಡಿಯದ ಗಮನವನ್ನು. ಗೆರೆಯ ಮಧ್ಯದಲ್ಲಿ ಯಾರಾದರೂ ಕರೆದು ಕೈ ಜಾರಿದರೆ ಅಲ್ಲಿಗೆ ಮುಗಿಯಿತು. ಒಂದು ಮನೆಯನ್ನು ನಡೆಸುತ್ತಾ, ಗಂಡನ ಕೆಲಸಕ್ಕೆ ಕೈಜೋಡಿಸುತ್ತಾ, ಬಂದವರಿಗೆ ಅಡುಗೆ ಮಾಡುತ್ತಾ ಅಂಥ ಗಂಟೆಗಳು ಎಲ್ಲಿಂದ ಬರಬೇಕು? ಅದೇ ಮನೆಯಲ್ಲಿ ರವಿಲಿಯಸ್ ಅವರ ಕೆತ್ತನೆ ಮುಂದುವರಿಯಿತು, ಬೆಳೆಯಿತು. ಕ್ರಿಕೆಟ್ ಪ್ರಿಯರು ಅವರ ಕೆಲಸವನ್ನು ಹೆಸರು ಗೊತ್ತಿಲ್ಲದೆಯೇ ನೋಡಿರುತ್ತಾರೆ. ವಿಸ್ಡನ್ ವಾರ್ಷಿಕದ ಹೊದಿಕೆಯ ಮೇಲೆ ಉದ್ದ ಟೋಪಿ ಹಾಕಿಕೊಂಡು ಆಡುವ ಇಬ್ಬರು ಗೃಹಸ್ಥರ ಚಿತ್ರ ಇದೆಯಲ್ಲ, 1938ರಲ್ಲಿ ಬಂದದ್ದು, ಅದು ರವಿಲಿಯಸ್ ಕೆತ್ತಿದ್ದು. ಒಂದೇ ಸೂರಿನ ಕೆಳಗೆ ಒಬ್ಬರಿಗೆ ಸಿಕ್ಕ ಗಂಟೆಗಳು ಇನ್ನೊಬ್ಬರಿಗೆ ಸಿಗಲಿಲ್ಲ. ರವಿಲಿಯಸ್ ದೊಡ್ಡ ಕಲಾವಿದ, ಅವರನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ಇದನ್ನು ಹೇಳದೆ ಮುಂದೆ ಹೋಗಲೂ ಆಗುವುದಿಲ್ಲ.

ಹಾಗಂತ ಆ ವರ್ಷಗಳು ಖಾಲಿಯಾಗಿದ್ದವಾ? ನೋಡೋಣ.

1930ರ ದಶಕದ ಶುರುವಿನಲ್ಲಿ ಇಬ್ಬರೂ ಎಸೆಕ್ಸ್ ಪ್ರಾಂತ್ಯದ ಗ್ರೇಟ್ ಬಾರ್ಡ್‌ಫೀಲ್ಡ್ ಅನ್ನುವ ಹಳ್ಳಿಗೆ ಹೋದರು. ಅಲ್ಲಿ ಬ್ರಿಕ್ ಹೌಸ್ ಅನ್ನುವ ಮನೆಯಲ್ಲಿ ಕಲಾವಿದರಾದ ಎಡ್ವರ್ಡ್ ಬಾಡನ್ ಮತ್ತು ಶಾರ್ಲೆಟ್ ಬಾಡನ್ ದಂಪತಿ ಜೊತೆ ಇದ್ದರು. 1933ರಲ್ಲಿ ಲ್ಯಾಂಕಶೈರ್ ಕರಾವಳಿಯ ಮೋರ್‌ಕ್ಯಾಮ್‌ನಲ್ಲಿ ಹೊಸದಾಗಿ ಕಟ್ಟಿದ ಮಿಡ್‌ಲ್ಯಾಂಡ್ ಹೋಟೆಲಿನ ಗೋಡೆಚಿತ್ರಗಳನ್ನು ಗಂಡ ಹೆಂಡತಿ ಸೇರಿ ಬರೆದರು. ಗೋಡೆಯ ಗಾರೆ ಸರಿಯಾಗಿ ಒಣಗಿರಲಿಲ್ಲ. ಚಿತ್ರ ಬೇಗನೆ ಕಿತ್ತು ಬಂತು. ಇವತ್ತು ಅದು ಫೋಟೋಗಳಲ್ಲಿ ಮಾತ್ರ.

ಇದೇ ಕಾಲದಲ್ಲಿ ಟರ್ಜಾ ಮತ್ತು ಶಾರ್ಲೆಟ್ ಮಾರ್ಬ್ಲಿಂಗ್ ಶುರುಮಾಡಿದರು. ಅಂಟಾದ ದ್ರವದ ಮೇಲೆ ಬಣ್ಣ ತೇಲಿಬಿಟ್ಟು, ಅದಕ್ಕೆ ಆಕಾರ ಕೊಟ್ಟು, ಮೇಲೆ ಕಾಗದ ಹಾಸಿ ಎತ್ತುವುದು. ಹಳೆಯ ಪುಸ್ತಕಗಳ ರಟ್ಟಿನ ಒಳಗೆ ಸುಳಿಸುಳಿಯಾದ ಬಣ್ಣದ ಕಾಗದ ನೋಡಿರುತ್ತೀರಿ, ಅದೇ ಕಸುಬು. ಆದರೆ ಟರ್ಜಾ ಮಾಡಿದ ಕಾಗದ ಆ ಥರ ಇಲ್ಲ. ಸುಳಿ ಇಲ್ಲ, ಗದ್ದಲ ಇಲ್ಲ. ತೆಳು ಹಿನ್ನೆಲೆಯ ಮೇಲೆ ಎಲೆಯ ಹಾಗೆ, ಹೂವಿನ ಹಾಗೆ ಕಾಣುವ ಸಣ್ಣ ಆಕಾರಗಳು ಸಾಲು ಸಾಲಾಗಿ ಬರುತ್ತವೆ. ತೇಲುವ ಬಣ್ಣವನ್ನು ಹೀಗೆ ಹತೋಟಿಗೆ ತರುವುದು ಎಷ್ಟು ಕಷ್ಟ ಅಂತ ಒಂದು ಸಲ ಕೈಹಾಕಿದವರಿಗೆ ಗೊತ್ತು. ಈ ಕಾಗದಗಳು ಲಂಡನ್ನಿನ ಲಿಟಲ್ ಗ್ಯಾಲರಿಯಲ್ಲಿ ಮಾರಾಟವಾಗುತ್ತಿದ್ದವು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇವೆ.

ಹುಡುಗಿಯರ ಸಾಲಿನ ಕೆತ್ತನೆಯನ್ನು ನೆನಪಿಟ್ಟುಕೊಳ್ಳಿ ಅಂದಿದ್ದೆ. ಒಂದೇ ವಿನ್ಯಾಸ ಮರುಕಳಿಸಬೇಕು, ಆದರೆ ಯಾವ ಒಂದು ಆಕಾರವೂ ಇನ್ನೊಂದರ ನಕಲಾಗಬಾರದು. ಮಾರ್ಬ್ಲಿಂಗ್‌ನಲ್ಲಿ ಅವರು ಕೇಳಿಕೊಂಡ ಪ್ರಶ್ನೆ ಇದೇ. ಉಪಕರಣ ಬದಲಾಯಿತು, ಯೋಚನೆ ಬದಲಾಗಲಿಲ್ಲ. ಮತ್ತು ಇದು ತುಂಡು ತುಂಡು ಸಮಯಕ್ಕೆ ಒಗ್ಗುವ ಕೆಲಸ. ಒಂದು ಹಾಳೆ ಎತ್ತಿದರೆ ಆ ಹಾಳೆ ಮುಗಿಯಿತು. ಮಗು ಅತ್ತರೆ ಎದ್ದು ಹೋಗಬಹುದು. ಟರ್ಜಾ ಇದನ್ನು ಲೆಕ್ಕ ಹಾಕಿಯೇ ಆರಿಸಿಕೊಂಡರು ಅನ್ನುವುದು ನನ್ನ ಅಂದಾಜು. ಕಲಾಚರಿತ್ರೆ ಬರೆಯುವವರು ಇಂಥದ್ದನ್ನು ಕರಕುಶಲ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಹಾಗೆ ಪಕ್ಕಕ್ಕೆ ಇಟ್ಟದ್ದರಿಂದಲೇ ಆ ವರ್ಷಗಳು ಖಾಲಿ ಕಾಣುವುದು.

1934ರಲ್ಲಿ ಕ್ಯಾಸಲ್ ಹೆಡಿಂಗ್‌ಹ್ಯಾಮ್‌ಗೆ ಮನೆ ಬದಲಾಯಿಸಿದರು. 1935, 1939, 1941ರಲ್ಲಿ ಮೂರು ಮಕ್ಕಳು ಹುಟ್ಟಿದರು. ಮದುವೆ ಸಲೀಸಾಗಿರಲಿಲ್ಲ. ಇಬ್ಬರ ಮನಸ್ಸೂ ಬೇರೆ ಕಡೆ ಹೋಗಿದ್ದುಂಟು. ಅದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ, ನಾನು ಇಲ್ಲಿ ಹಿಗ್ಗಿಸುವುದಿಲ್ಲ.

1942 ಬಂತು. ಆ ವರ್ಷದ ಬಗ್ಗೆ ಮಾತಾಡುವುದು ಕಷ್ಟ. ಮಾರ್ಚಿನಲ್ಲಿ ಟರ್ಜಾಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಯಿತು. ಮಡಿಲಲ್ಲಿ ವರ್ಷದ ಕೂಸು. ರವಿಲಿಯಸ್ ಆಗ ಸರ್ಕಾರ ನೇಮಿಸಿದ ಯುದ್ಧ ಕಲಾವಿದ. ಆಗಸ್ಟ್ ಕೊನೆಯಲ್ಲಿ ಐಸ್‌ಲ್ಯಾಂಡಿಗೆ ಹೋದರು. ಅಲ್ಲಿ ಒಂದು ವಿಮಾನ ಮರಳಿ ಬಂದಿರಲಿಲ್ಲ. ಅದನ್ನು ಹುಡುಕಲು ಹೊರಟ ವಿಮಾನಗಳಲ್ಲಿ ಒಂದರಲ್ಲಿ ಇವರೂ ಹತ್ತಿದರು. ಸೆಪ್ಟೆಂಬರ್ 2. ಆ ವಿಮಾನವೂ ಮರಳಲಿಲ್ಲ. ವಯಸ್ಸು 39. ಆರು ತಿಂಗಳೊಳಗೆ ಟರ್ಜಾ ತಮ್ಮ ದೇಹದ ಆರೋಗ್ಯವನ್ನೂ ಗಂಡನನ್ನೂ ಕಳೆದುಕೊಂಡರು. ಕೈಯಲ್ಲಿ ಮೂರು ಮಕ್ಕಳು, ಸುತ್ತ ಯುದ್ಧ.

ಈ ವರ್ಷದಲ್ಲೂ ಅವರು ಸುಮ್ನೆ ಕೂರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವಾಗ ಆತ್ಮಕಥೆ ಬರೆಯಲು ಕೂತರು. ಮುಂದೆ ಹುಟ್ಟಲಿರುವ ತಮ್ಮ ವಂಶದವರನ್ನು ಉದ್ದೇಶಿಸಿ ಬರೆದದ್ದು. ಬಹಳ ವರ್ಷಗಳ ನಂತರ ಮಗಳು ಅದನ್ನು ಸಂಪಾದಿಸಿದರು, 2012ರಲ್ಲಿ ಅಚ್ಚಾಯಿತು. ಬರೆದು 70 ವರ್ಷದ ಮೇಲೆ. ಓದಿದರೆ ಕೆತ್ತನೆಗಳ ಟರ್ಜಾ ಅಲ್ಲೂ ಎದುರು ನಿಲ್ಲುತ್ತಾರೆ. ಚಿಕ್ಕಮ್ಮಂದಿರು, ನೆರೆಯವರು, ಗೆಳೆಯರು, ತಮ್ಮ ಮದುವೆ, ಎಲ್ಲದರ ಮೇಲೂ ಅದೇ ಬಿಡದ ಕಣ್ಣು. ತಮ್ಮನ್ನೂ ಅವರು ಆ ಕಣ್ಣಿನಿಂದ ಹೊರಗಿಟ್ಟಿಲ್ಲ.

1944ರ ಹೊತ್ತಿಗೆ ಎಣ್ಣೆಬಣ್ಣ ಹಿಡಿದರು. ವಯಸ್ಸು 36. ಜೊತೆಗೆ ಇನ್ನೊಂದು ಕೆಲಸ. ಕಾಗದದಲ್ಲಿ ಪುಟ್ಟ ಮನೆಗಳನ್ನು, ಅಂಗಡಿ ಮುಂಗಟ್ಟುಗಳನ್ನು ಕಟ್ಟಿ ಆಳವಾದ ಚೌಕಟ್ಟಿನ ಪೆಟ್ಟಿಗೆಯಲ್ಲಿ ಕೂರಿಸುವುದು. ಗೊಂಬೆಮನೆಯೂ ಅಲ್ಲ, ಚಿತ್ರವೂ ಅಲ್ಲ, ಎರಡರ ನಡುವಿನದು. 1946ರಲ್ಲಿ ಹೆನ್ರಿ ಸ್ವಾಂಜಿ ಅವರನ್ನು ಮದುವೆಯಾದರು. ಬಿಬಿಸಿಯಲ್ಲಿ ಕೆರಿಬಿಯನ್ ಬರಹಗಾರರ ಕಾರ್ಯಕ್ರಮ ನಡೆಸಿ ಎಷ್ಟೋ ಹೊಸಬರಿಗೆ ದಾರಿ ಮಾಡಿಕೊಟ್ಟ ಸ್ವಾಂಜಿ ಅವರೇ. ಈ ಮದುವೆ ಟರ್ಜಾಗೆ ನೆಮ್ಮದಿ ಕೊಟ್ಟಿತು. ಆದರೆ 1948ರಲ್ಲಿ ಕ್ಯಾನ್ಸರ್ ಮರುಕಳಿಸಿತು.

ಕೊನೆಯ ಒಂದು ವರ್ಷ ಅವರು ಕಾಲ್ಚೆಸ್ಟರ್ ಹತ್ತಿರದ ಕಾಪ್‌ಫರ್ಡ್‌ನ ಒಂದು ಶುಶ್ರೂಷಾಲಯದಲ್ಲಿದ್ದರು. ಅಲ್ಲಿ ಹಾಸಿಗೆಯಲ್ಲಿ ಕೂತೇ ಸುಮಾರು 20 ಸಣ್ಣ ಎಣ್ಣೆಚಿತ್ರಗಳನ್ನು ಬರೆದರು. ಅದು ತಮ್ಮ ಬದುಕಿನ ಅತ್ಯಂತ ಸಂತೋಷದ ವರ್ಷ ಅಂತ ಅವರು ಹೇಳಿಕೊಂಡಿದ್ದರು. ಈ ಮಾತನ್ನು ಧೈರ್ಯದ ಮಾತು ಅಂತ ಹೊಗಳಿ ಮುಂದೆ ಹೋಗಿಬಿಡುವುದು ಸುಲಭ. ನಾನು ಅದನ್ನು ಅಕ್ಷರಶಃ ನಂಬುತ್ತೇನೆ. ನೋವು ಇತ್ತು, ಸಾವು ಗೊತ್ತಿತ್ತು. ಆದರೆ 1929ರ ನಂತರ ಮೊದಲ ಬಾರಿಗೆ ಅವರ ದಿನದ ಗಂಟೆಗಳೆಲ್ಲ ಅವರ ಕೆಲಸಕ್ಕೇ ಸಿಕ್ಕಿದ್ದವು. ಅಡುಗೆ ಇಲ್ಲ, ಕರೆಯುವವರಿಲ್ಲ. ಒಬ್ಬ ಕಲಾವಿದೆಗೆ ಇಷ್ಟು ಸಮಯ ಸಿಗಲು ಕಾಯಿಲೆಯೇ ಬರಬೇಕಾಯಿತು ಅನ್ನುವುದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಆದರೂ ಆ ಸಂತೋಷ ಸುಳ್ಳಲ್ಲ. ಚಿತ್ರಗಳೇ ಅದಕ್ಕೆ ಸಾಕ್ಷಿ.

ಏನಿವೆ ಆ ಚಿತ್ರಗಳಲ್ಲಿ? ಕಾಡುಗುಲಾಬಿಯ ಜೊತೆ ಒಂದು ಕಣಜದ ಹುಳು. ವಸಂತದ ಹೂಗಳ ಜೊತೆಗೆ ವಿಮಾನಯುಗದ ಶುರುವಿನ ಕಾಲದ ಒಂದು ಹಳೇ ಮಾದರಿಯ ವಿಮಾನ. ಇದಕ್ಕೂ ಕೆಲವು ವರ್ಷ ಮೊದಲು, 1944ರಲ್ಲಿ, ಆಟಿಕೆ ರೈಲಿನ ಎಂಜಿನ್ನನ್ನು ನಿಜವಾದ ಬಯಲಿನಲ್ಲಿ ಓಡುವ ಹಾಗೆ ಬರೆದಿದ್ದರು. ಇವುಗಳಲ್ಲಿ ದೊಡ್ಡದು ಚಿಕ್ಕದು ಅನ್ನುವ ಅಳತೆಯೇ ಬೇರೆ. ಹುಳು ಹಿರಿದಾಗುತ್ತದೆ, ಯಂತ್ರ ಕಿರಿದಾಗುತ್ತದೆ, ಆಟಿಕೆ ನಿಜವಾಗುತ್ತದೆ. ನೆಲಕ್ಕೆ ಗಲ್ಲ ತಾಗಿಸಿ ಮಲಗಿದ ಮಗುವಿಗೆ ಹುಲ್ಲು ಕಾಣುವ ಎತ್ತರದಲ್ಲಿ ಈ ಲೋಕ ಕಾಣುತ್ತದೆ.

ಕೆಲವು ವಿಮರ್ಶಕರು ಈ ಚಿತ್ರಗಳನ್ನು ಮುಗ್ಧ ಕಲೆ ಅನ್ನುತ್ತಾರೆ. ಕಲಿಯದವರ ಕೈಯಿಂದ ಸಹಜವಾಗಿ ಬಂದ ಹಾಗೆ ಇದೆ ಅಂತ. ನಾನು ಇದನ್ನು ಗಟ್ಟಿಯಾಗಿ ವಿರೋಧಿಸುತ್ತೇನೆ. ಚಿತ್ರದ ಅಂಚುಗಳನ್ನು ನೋಡಿ. ಪ್ರತಿ ಎಸಳೂ ಹಿನ್ನೆಲೆಯಿಂದ ಕತ್ತರಿಸಿ ನಿಲ್ಲಿಸಿದಷ್ಟು ಸ್ಪಷ್ಟ. ಹತ್ತಿರದ್ದೂ ದೂರದ್ದೂ ಒಂದೇ ಚುರುಕಿನಲ್ಲಿ ಕಾಣುತ್ತವೆ. ಗಾತ್ರವೋ, ಬಾಕ್ಸ್‌ವುಡ್ ಕಲಿಸಿದ ಗಾತ್ರಕ್ಕೆ ಹತ್ತಿರ. ಗಾಢ ಛಾಯೆಯ ಎದುರು ತಿಳಿಯಾದದ್ದನ್ನು ಒಂದೊಂದಾಗಿ ಎತ್ತಿ ನಿಲ್ಲಿಸುವ ಅಭ್ಯಾಸ ಎಲ್ಲಿಂದ ಬಂತು ಅಂತ ಬ್ಲಾಕ್ ಕೆತ್ತಿದವರಿಗೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ಕೈಗೆ ಉಳಿ ಸಿಗದಿದ್ದರೂ ಕಣ್ಣು ಕೆತ್ತನೆಗಾರ್ತಿಯದ್ದಾಗಿಯೇ ಉಳಿದಿತ್ತು. ಆ ಕಣಜದ ರೆಕ್ಕೆಯ ಹಿಂದೆ ರೈಲಿನ ಡಬ್ಬಿಯ ಬಟ್ಟೆಗಳಿವೆ, ಮಾರ್ಬ್ಲಿಂಗ್ ಹಾಳೆಯ ಎಲೆಗಳಿವೆ, ಕಾಗದದ ಮನೆಗಳಿವೆ.

ಇಂಥವರನ್ನು ಯಾಕೆ ಇಷ್ಟು ಕಾಲ ಮರೆತರು? ಕಾರಣಗಳು ಸರಳ. ಕೃತಿಗಳು ಕಡಿಮೆ, ಗಾತ್ರ ಚಿಕ್ಕದು. ಹೆಚ್ಚಿನವು ಮನೆಯವರ, ಗೆಳೆಯರ ಬಳಿಯೇ ಉಳಿದವು. ಮ್ಯೂಸಿಯಂಗಳ ಗೋಡೆಗೆ ಬರಲಿಲ್ಲ. ಗಂಡನ ಹೆಸರು ದೊಡ್ಡದಾಯಿತು, ಇವರು ಅವರ ಜೀವನಚರಿತ್ರೆಯ ಪಾತ್ರವಾದರು. 1952ರಲ್ಲಿ ಈಸ್ಟ್‌ಬೋರ್ನ್‌ನ ಟೌನರ್ ಗ್ಯಾಲರಿಯಲ್ಲಿ ನೆನಪಿನ ಪ್ರದರ್ಶನ ನಡೆಯಿತು. ಅದಾದ ಮೇಲೆ ಅವರ ಕೆಲಸವನ್ನೇ ಮುಖ್ಯವಾಗಿಟ್ಟ ದೊಡ್ಡ ಪ್ರದರ್ಶನ ಆದದ್ದು ಲಂಡನ್ನಿನ ಡಲ್ವಿಚ್ ಪಿಕ್ಚರ್ ಗ್ಯಾಲರಿಯಲ್ಲಿ, 2024ರ ನವೆಂಬರಿನಿಂದ 2025ರ ಮೇ ತನಕ. ನಡುವೆ 72 ವರ್ಷ. ಆ ಪ್ರದರ್ಶನದ ಹೆಸರಿನಲ್ಲೂ ರವಿಲಿಯಸ್ ಇದ್ದರು, ರವಿಲಿಯಸ್ ಆಚೆಗಿನ ಟರ್ಜಾ ಅನ್ನುವ ಅರ್ಥದಲ್ಲಿ. ಜನರನ್ನು ಕರೆಯಲು ಅದು ಬೇಕಾಗಿತ್ತೇನೋ. ಮುಂದಿನದಕ್ಕೆ ಅವರೊಬ್ಬರ ಹೆಸರು ಸಾಕಾಗಲಿ ಅಂತ ನನ್ನ ಆಸೆ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವುದಾದರೆ ಸ್ಯಾಫ್ರನ್ ವಾಲ್ಡನ್ ಊರಿನ ಫ್ರೈ ಆರ್ಟ್ ಗ್ಯಾಲರಿಗೆ ಹೋಗಿ. ಆ ಭಾಗದ ಕಲಾವಿದರ ಕೆಲಸವನ್ನೇ ಕೂಡಿಟ್ಟ ಚಿಕ್ಕ ಗ್ಯಾಲರಿ ಅದು, ಟರ್ಜಾ ಅವರ ಕೃತಿಗಳೂ ಇವೆ. ಹೋಗಲಾಗದವರು ಪುಸ್ತಕದಲ್ಲೋ ಪರದೆಯ ಮೇಲೋ ನೋಡುವಾಗ ಒಂದು ಕೆಲಸ ಮಾಡಿ. ಚಿತ್ರದ ಕೆಳಗೆ ಕೊಟ್ಟಿರುವ ಅಳತೆಯನ್ನು ಓದಿ, ಅಷ್ಟೇ ದೊಡ್ಡ ಕಾಗದ ಕತ್ತರಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಪರದೆಯಲ್ಲಿ ಹಿಗ್ಗಿಸಿದ ಕೆತ್ತನೆ ಬರೀ ದೊಡ್ಡ ಗೆರೆಗಳಾಗಿ ಕಾಣುತ್ತದೆ. ನಿಜವಾದ ಅಳತೆಯಲ್ಲಿ ಆ ಗೆರೆಗಳು ಸೇರಿ ಬಟ್ಟೆಯಾಗುತ್ತವೆ, ಚರ್ಮವಾಗುತ್ತವೆ. ಗ್ರಾಫಿಕ್ ವಿದ್ಯಾರ್ಥಿಗಳು ಹುಡುಗಿಯರ ಸಾಲಿನ ಕೆತ್ತನೆಯನ್ನು ಅದೇ ಅಳತೆಯಲ್ಲಿ ಪೆನ್ಸಿಲ್ಲಿನಿಂದ ನಕಲು ಮಾಡಿ ನೋಡಿ. ಬಿಳಿ ಗೆರೆಯನ್ನು ಹಾಗೇ ಬಿಟ್ಟು, ಕಪ್ಪನ್ನು ತುಂಬುತ್ತಾ ಹೋಗಿ. ಅವರು ಪ್ರತಿ ಗೆರೆಯಲ್ಲಿ ಏನು ನಿರ್ಧಾರ ತೆಗೆದುಕೊಂಡರು ಅನ್ನುವುದು ನನ್ನ ಮಾತಿಗಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಪ್ರಶ್ನೆಗಳಿಗೆ ಸಮಯ ಇದೆ. ಮೊದಲು ವಿದ್ಯಾರ್ಥಿಗಳು ಕೇಳಲಿ.